ಮೌನಂ ಸಮ್ಮತಿ ಲಕ್ಷಣಂ: ಒಂದು ವೈನ್ ಪೆಟ್ಟಿಗೆಯ ಚರಿತ್ರೆ

2023ರ ನವೆಂಬರಿನಲ್ಲಿ ಲೀಡ್ಸ್ ನಗರದ ಚಳಿಗೆ ಹೆದರಿ ಆನ್‌ಲೈನಿನಲ್ಲಿ ಒಂದು ದಪ್ಪ ಕೋಟು ತರಿಸಿಕೊಂಡೆ. ಇತಿಹಾಸದಲ್ಲಿ ಎಂ.ಎ. ಮಾಡಲು ಧಾರವಾಡದಿಂದ ಅಲ್ಲಿಗೆ ಹೋಗಿ ಆಗಿನ್ನೂ ಎರಡು ತಿಂಗಳಾಗಿತ್ತು. ಕೋಟಿನ ಪೆಟ್ಟಿಗೆಯಲ್ಲಿ ಬಿಲ್ಲಿನ ಜೊತೆಗೆ ಗಟ್ಟಿ ಕಾಗದದ ಒಂದು ವೋಚರ್ ಇತ್ತು. ನೋಡಲು ಥೇಟು ನೋಟಿನ ಹಾಗೆ. ಅಂಚಿಗೆ ದ್ರಾಕ್ಷಿ ಬಳ್ಳಿಯ ಚಿತ್ತಾರ, ನಡುವೆ ದಪ್ಪ ಅಕ್ಷರದಲ್ಲಿ 60 ಪೌಂಡ್. 100 ಪೌಂಡಿನ ವೈನ್ ಪೆಟ್ಟಿಗೆ 40 ಪೌಂಡಿಗೆ, ಹನ್ನೆರಡು ಬಾಟಲಿ, ಮನೆ ಬಾಗಿಲಿಗೆ.

ನಾವು ನಾಲ್ವರು ವಿದ್ಯಾರ್ಥಿಗಳು ತಲಾ 10 ಪೌಂಡ್ ಹಾಕಿದೆವು. ನೋಂದಣಿ ನನ್ನ ಹೆಸರಿನಲ್ಲಿ, ಕಾರ್ಡೂ ನನ್ನದೇ. ಕ್ರಿಸ್‌ಮಸ್ ರಜೆಗೆ ಊರಿಗೆ ಹೋಗಲಾಗದವರಿಗೆಲ್ಲ ಆ ಪೆಟ್ಟಿಗೆ ಒಂದು ಹಬ್ಬವನ್ನೇ ಮಾಡಿಸಿತು. ಆಮೇಲೆ ಅದನ್ನು ಮರೆತೆ. ಫೆಬ್ರವರಿಯಲ್ಲಿ ಬಾಡಿಗೆ ಕಟ್ಟಲು ಹೋದಾಗ ಖಾತೆಯಲ್ಲಿ 110 ಪೌಂಡ್ ಕಡಿಮೆ. ಮರುದಿನ ಬಾಗಿಲಲ್ಲಿ ಇನ್ನೊಂದು ಪೆಟ್ಟಿಗೆ ಕೂತಿತ್ತು. ನಾನು ಕೇಳಿರಲಿಲ್ಲ. ಬೇಡವೆಂದೂ ಹೇಳಿರಲಿಲ್ಲ. ಆ ಎರಡನೆಯದರ ಮೇಲೇ ಇಡೀ ವ್ಯಾಪಾರ ನಿಂತಿದೆ ಎನ್ನುವುದು ಆಗ ನನಗೆ ತಿಳಿದಿರಲಿಲ್ಲ.

ಬಾಡಿಗೆ ಯಾಕೆ ತಡವಾಗುತ್ತದೆ ಎಂದು ಮನೆಯ ಒಡತಿಗೆ ವಿವರಿಸಬೇಕಾಯಿತು. ಅವರಿಗೆ ಎಪ್ಪತ್ತು ದಾಟಿತ್ತು, ನಿವೃತ್ತ ಶಾಲಾ ಶಿಕ್ಷಕಿ. ನಾನು ತಲೆ ತಗ್ಗಿಸಿ ಹೇಳಿದ್ದನ್ನೆಲ್ಲ ಕೇಳಿ ಮೊದಲು ನಕ್ಕರು. ಆಮೇಲೆ ಎದ್ದು ಹೋಗಿ ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲು ತೆರೆದರು. ಒಳಗೆ ಐದು ಪೆಟ್ಟಿಗೆಗಳು ಒಂದರ ಮೇಲೊಂದು. ಒಂದಕ್ಕೂ ಅಂಟಿಸಿದ ಟೇಪು ಕಿತ್ತಿರಲಿಲ್ಲ. ಎಲ್ಲದರ ಮೇಲೂ ಅವರ ಗಂಡನ ಹೆಸರು. ಆತ ತೀರಿಕೊಂಡದ್ದು 2022ರ ಅಕ್ಟೋಬರಿನಲ್ಲಿ.

ಮೂರು ತಿಂಗಳಿಗೊಂದು ಪೆಟ್ಟಿಗೆ, ಪ್ರತಿ ಸಲವೂ 120 ಪೌಂಡ್. ಆತ ಕ್ಲಬ್ಬು ಸೇರುವಾಗ ಹೆಂಡತಿಯ ಕಾರ್ಡಿನ ಸಂಖ್ಯೆ ಕೊಟ್ಟಿದ್ದರಂತೆ, ಹಾಗಾಗಿ ಅವರು ಹೋದ ಮೇಲೂ ಹಣ ನಿಲ್ಲಲಿಲ್ಲ. ಐದು ಪೆಟ್ಟಿಗೆಗೆ 600 ಪೌಂಡ್. ಆ ಚಳಿಗಾಲ ಗ್ಯಾಸಿನ ಬಿಲ್ಲಿಗೆ ಅಂಜಿ ಅವರು ಮುಂದಿನ ಕೋಣೆಯ ಹೀಟರ್ ಆರಿಸಿ ಅಡುಗೆಮನೆಯಲ್ಲೇ ದಿನವೆಲ್ಲ ಕಳೆಯುತ್ತಿದ್ದುದನ್ನು ನಾನು ಕಂಡಿದ್ದೆ. ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದೆ. ಒಂದೆರಡು ಸಲ ಪ್ರಯತ್ನಿಸಿದ್ದರಂತೆ. ಖಾತೆಯ ಪಾಸ್‌ವರ್ಡು ಗೊತ್ತಿಲ್ಲ, ಫೋನ್ ಮಾಡಿದರೆ ಖಾತೆದಾರರೇ ಮಾತಾಡಬೇಕು ಎನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದರು: ಪೆಟ್ಟಿಗೆ ಬಂದ ದಿನ ಬಾಗಿಲಲ್ಲಿ ಯಾರಾದರೂ ಅವರ ಹೆಸರು ಹಿಡಿದು ಕೇಳುತ್ತಾರಲ್ಲ.

ನಾನು ಆ ವರ್ಷ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಸಹಕಾರ ಸಂಘಗಳ ಬಗ್ಗೆ ಓದಲು ಹೋಗಿದ್ದವಳು. ಆ ಗೂಡಿನ ಬಾಗಿಲು ಮುಚ್ಚಿದ ಮೇಲೆ ಓದು ಸ್ವಲ್ಪ ದಿಕ್ಕು ಬದಲಿಸಿತು. ನಮ್ಮಲ್ಲಿ ಮದುವೆ ಮಾತುಕತೆಯಲ್ಲಿ ಹುಡುಗಿ ಸುಮ್ಮನಿದ್ದರೆ ಹಿರಿಯರು ನಗುತ್ತಾ ಹೇಳುವ ಮಾತೊಂದಿದೆ: ಮೌನಂ ಸಮ್ಮತಿ ಲಕ್ಷಣಂ. ವ್ಯಾಪಾರದಲ್ಲಿ ಸುಮ್ಮನಿರುವುದು ಒಪ್ಪಿಗೆಯಾದದ್ದು ಯಾವಾಗಿನಿಂದ? ಯಾರು ಮಾಡಿದರು?

ವಿಚಿತ್ರವೆಂದರೆ, ಇಂಗ್ಲೆಂಡಿನ ಕಾನೂನು ಈ ಪ್ರಶ್ನೆಗೆ 1862ರಲ್ಲೇ ಇಲ್ಲ ಎಂದು ಉತ್ತರಿಸಿದೆ. ನಮ್ಮ ಕಾನೂನು ವಿದ್ಯಾರ್ಥಿಗಳೂ ಮೊದಲ ವರ್ಷದಲ್ಲೇ ಓದುವ ಫೆಲ್ಟ್‌ಹೌಸ್ ಮತ್ತು ಬಿಂಡ್ಲಿ ನಡುವಿನ ಮೊಕದ್ದಮೆ ಅದು. ಲಂಡನ್ನಿನ ಪಾಲ್ ಫೆಲ್ಟ್‌ಹೌಸ್ ತನ್ನ ಸೋದರಳಿಯನ ಬಳಿಯಿದ್ದ ಒಂದು ಕುದುರೆಯನ್ನು ಕೊಳ್ಳಲು ಮಾತಾಡಿದ್ದ. ಬೆಲೆಯಲ್ಲಿ ಗೊಂದಲವಾಯಿತು, ಒಬ್ಬ 30 ಪೌಂಡ್ ಎಂದುಕೊಂಡಿದ್ದ, ಇನ್ನೊಬ್ಬ 30 ಗಿನಿ. ವ್ಯತ್ಯಾಸವನ್ನು ಅರ್ಧರ್ಧ ಮಾಡಿ 30 ಪೌಂಡ್ 15 ಶಿಲಿಂಗ್ ಕೊಡುತ್ತೇನೆ, ನಿನ್ನಿಂದ ಉತ್ತರ ಬರದಿದ್ದರೆ ಕುದುರೆ ನನ್ನದಾಯಿತು ಎಂದು ತಿಳಿಯುತ್ತೇನೆ ಎನ್ನುವ ಅರ್ಥದಲ್ಲಿ ಮಾವ ಕಾಗದ ಬರೆದ. ಅಳಿಯ ಉತ್ತರ ಬರೆಯಲಿಲ್ಲ. ಕೊಡುವ ಮನಸ್ಸು ಅವನಿಗಿತ್ತು, ತನ್ನ ಪ್ರಾಣಿಗಳನ್ನು ಹರಾಜು ಹಾಕುವಾಗ ಈ ಕುದುರೆಯನ್ನು ಬಿಟ್ಟುಬಿಡಿ ಎಂದು ಹರಾಜುಗಾರ ಬಿಂಡ್ಲಿಗೆ ಹೇಳಿಯೂ ಇದ್ದ. ಬಿಂಡ್ಲಿ ಮರೆತು ಅದನ್ನೂ ಮಾರಿಬಿಟ್ಟ. ಮಾವ ದಾವೆ ಹೂಡಿ ಸೋತ. ನೀನು ಸುಮ್ಮನಿದ್ದರೆ ಒಪ್ಪಿದಂತೆ ಎಂದು ಇನ್ನೊಬ್ಬನ ಮೇಲೆ ಕರಾರು ಹೇರುವ ಹಕ್ಕು ಯಾರಿಗೂ ಇಲ್ಲ ಎಂದಿತು ನ್ಯಾಯಾಲಯ. ಅಳಿಯನಿಗೆ ಮನಸ್ಸಿದ್ದರೂ ಬಾಯಿಬಿಟ್ಟು ಹೇಳಿರಲಿಲ್ಲ. ಅಷ್ಟೇ ಸಾಕಾಯಿತು.

ಈ ತೀರ್ಪು ಬಂದ ಕಾಲಕ್ಕೇ ಇಂಗ್ಲೆಂಡಿನಲ್ಲಿ ವೈನ್ ಮಧ್ಯಮ ವರ್ಗದ ಮೇಜಿಗೆ ಇಳಿಯುತ್ತಿತ್ತು. 1860ರಲ್ಲಿ ಹಣಕಾಸು ಮಂತ್ರಿಯಾಗಿದ್ದ ಗ್ಲ್ಯಾಡ್‌ಸ್ಟನ್ ಫ್ರಾನ್ಸಿನೊಡನೆ ವ್ಯಾಪಾರ ಒಪ್ಪಂದವಾದ ಹಿನ್ನೆಲೆಯಲ್ಲಿ ವೈನಿನ ಸುಂಕ ಇಳಿಸಿದ. ಮರುವರ್ಷ ದಿನಸಿ ಅಂಗಡಿಗಳವರೂ ಪರವಾನಗಿ ಪಡೆದು ಒಂದೊಂದೇ ಬಾಟಲಿ ಮಾರಬಹುದೆಂಬ ಕಾಯ್ದೆ ಬಂತು. ಅಲ್ಲಿಯವರೆಗೆ ಪೀಪಾಯಿಗಟ್ಟಲೆ ಕೊಂಡು ನೆಲಮಾಳಿಗೆಯಲ್ಲಿಡುವ ಶ್ರೀಮಂತರ ವಸ್ತು ಅದು. ಈಗ ಗುಮಾಸ್ತನೂ ಮೇಷ್ಟರೂ ಕೊಳ್ಳಬಹುದಾಯಿತು, ಆದರೆ ಏನನ್ನು ಕೊಳ್ಳಬೇಕೆಂಬುದು ಅವರಿಗೆ ಗೊತ್ತಿಲ್ಲ. ಕಲಬೆರಕೆಯ ಕಾಲ ಬೇರೆ. ನಂಬಿಕೆಯ ಒಬ್ಬರು ಆರಿಸಿಕೊಟ್ಟರೆ ಒಳ್ಳೆಯದಿತ್ತು ಎನ್ನುವ ಆಸೆ ಅಲ್ಲಿಂದ ಶುರು. ಇವತ್ತಿನ ಎಲ್ಲ ವೈನ್ ಕ್ಲಬ್ಬುಗಳ ಮೂಲವೂ ಆ ಆಸೆಯೇ. ಅದರಲ್ಲಿ ತಪ್ಪೇನೂ ಇಲ್ಲ.

1874ರಲ್ಲಿ ಆ ಆಸೆಗೆ ಒಂದು ಒಳ್ಳೆಯ ರೂಪ ಸಿಕ್ಕಿತು. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆ ವರ್ಷ ಅಂತರರಾಷ್ಟ್ರೀಯ ಪ್ರದರ್ಶನ ನಡೆಯಿತು. ಪೋರ್ಚುಗಲ್ಲಿನ ಬೆಳೆಗಾರರು ಕಳಿಸಿದ್ದ ವೈನಿನ ಪೀಪಾಯಿಗಳು ಹಾಲಿನ ನೆಲಮಾಳಿಗೆಯಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದವು. ಬೆಳೆಗಾರರು ದೂರು ಕೊಟ್ಟರು. ಆ ಕಟ್ಟಡವನ್ನು ರೂಪಿಸಿದ್ದ ಮೇಜರ್ ಜನರಲ್ ಹೆನ್ರಿ ಸ್ಕಾಟ್ ಅವುಗಳನ್ನು ಖಾಲಿ ಮಾಡಲು ಊಟದ ಕೂಟಗಳನ್ನು ಏರ್ಪಡಿಸಿದ. ಬಂದವರಿಗೆ ವೈನ್ ಹಿಡಿಸಿತು. ಇದನ್ನೇ ಯಾಕೆ ಮುಂದುವರಿಸಬಾರದು ಎಂದು ಕೆಲವರು ಸೇರಿ ಒಂದು ಸಹಕಾರ ಸಂಘ ಕಟ್ಟಿದರು. ಇವತ್ತು ಅದರ ಹೆಸರು ವೈನ್ ಸೊಸೈಟಿ, ಕಚೇರಿ ಇರುವುದು ಸ್ಟೀವನೇಜ್ ಎಂಬ ಊರಲ್ಲಿ. ನನ್ನ ಪ್ರಬಂಧಕ್ಕೆ ನಾನು ಮೊದಲೇ ಆರಿಸಿಕೊಂಡಿದ್ದ ಸಂಘಗಳಲ್ಲಿ ಇದೂ ಒಂದು ಎನ್ನುವುದು ಕಾಕತಾಳೀಯ. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಹೆಂಡದ ಬಾಟ್ಲಿ ಎಣಿಸಾಕ ಅಷ್ಟು ದೂರ ಹೋಗೀಯೇನವಾ?" ಎಂದಳು.

ಈ ಸಂಘಕ್ಕೆ ಸೇರುವವರು ಒಂದು ಷೇರು ಕೊಳ್ಳಬೇಕು. ನಾನಿದ್ದಾಗ ಅದರ ಬೆಲೆ 40 ಪೌಂಡ್, ಬದುಕಿರುವವರೆಗೆ ಒಂದೇ ಸಲ. ಕೊಂಡವರು ಒಡೆಯರೂ ಹೌದು, ಗಿರಾಕಿಗಳೂ ಹೌದು. ಸೇರಿದ ಮಾತ್ರಕ್ಕೆ ಪೆಟ್ಟಿಗೆ ಬರುವುದಿಲ್ಲ, ಬೇಕಾದಾಗ ಬೇಕಾದದ್ದನ್ನು ಹೇಳಿ ತರಿಸಿಕೊಳ್ಳಬೇಕು. ಸದಸ್ಯರು ತೀರಿಕೊಂಡರೆ ಷೇರು ಮನೆಯವರಿಗೆ ಹೋಗುತ್ತದೆ. ಅಜ್ಜನ ಷೇರು ಮೊಮ್ಮಗಳಿಗೆ ಬಂದ ಕುಟುಂಬಗಳಿವೆ. ಮೆಟ್ಟಿಲ ಕೆಳಗಿನ ಐದು ಪೆಟ್ಟಿಗೆಗಳ ಪಕ್ಕ ಈ ನಿಯಮವನ್ನು ಇಟ್ಟು ನೋಡಿದಾಗ ನನಗೆ ವ್ಯತ್ಯಾಸ ಕಂಡಿತು. ಇಲ್ಲಿ ಸತ್ತವರಿಂದ ಬರುವುದು ಹಕ್ಕು, ಅಲ್ಲಿ ಬಿಲ್ಲು.

ಹಾಗಾದರೆ ತಾನಾಗಿ ಬರುವ ಪೆಟ್ಟಿಗೆ ಹುಟ್ಟಿದ್ದೆಲ್ಲಿ? ಅದು ಹುಟ್ಟಿದ್ದು ವೈನಿನಲ್ಲಲ್ಲ, ಪುಸ್ತಕದಲ್ಲಿ. ಈ ಪತ್ರಿಕೆಯ ಓದುಗರಿಗೆ ಇದು ಸ್ವಲ್ಪ ಮುಜುಗರದ ಸಂಗತಿಯಾದೀತು.

ಅಮೆರಿಕದ ಹ್ಯಾರಿ ಶರ್ಮನ್ ಜಾಹೀರಾತು ಬರೆಯುತ್ತಿದ್ದವನು. 1910ರ ದಶಕದಲ್ಲಿ ಆತ ಮತ್ತು ಗೆಳೆಯರು ಅಂಗೈಯಗಲದ ಚರ್ಮದ ಹೊದಿಕೆಯ ಪುಟ್ಟ ಪುಸ್ತಕಗಳನ್ನು ಅಚ್ಚು ಹಾಕಿಸಿ, ವಿಟ್‌ಮನ್ ಎಂಬ ಮಿಠಾಯಿ ಕಂಪನಿಯ ಚಾಕೊಲೇಟ್ ಡಬ್ಬಿಯೊಳಗೆ ಶೇಕ್ಸ್‌ಪಿಯರನ ರೋಮಿಯೋ ಜೂಲಿಯೆಟ್ಟನ್ನು ಇಡುವಂತೆ ಒಪ್ಪಿಸಿದರು. ಒಂದು ಸಾಮಾನಿನ ಡಬ್ಬಿಯಲ್ಲಿ ಇನ್ನೊಂದು ವ್ಯಾಪಾರದ ಆಮಿಷ! ನನ್ನ ಕೋಟಿನ ಪೆಟ್ಟಿಗೆಯಲ್ಲಿದ್ದ ವೋಚರಿನ ಮುತ್ತಜ್ಜ ಆ ರೋಮಿಯೋ. 1926ರಲ್ಲಿ ಇದೇ ಶರ್ಮನ್, ಮ್ಯಾಕ್ಸ್ ಸ್ಯಾಕ್‌ಹೈಮ್ ಮತ್ತು ರಾಬರ್ಟ್ ಹಾಸ್ ಜೊತೆ ಬುಕ್ ಆಫ್ ದಿ ಮಂತ್ ಕ್ಲಬ್ ತೆರೆದ. ತಿಳಿದವರ ಒಂದು ಸಮಿತಿ ತಿಂಗಳಿಗೊಂದು ಹೊಸ ಪುಸ್ತಕ ಆರಿಸುತ್ತದೆ, ಅದು ಅಂಚೆಯಲ್ಲಿ ಮನೆಗೆ ಬರುತ್ತದೆ. ಮೊದಲ ಆಯ್ಕೆ ಸಿಲ್ವಿಯಾ ಟೌನ್‌ಸೆಂಡ್ ವಾರ್ನರ್ ಬರೆದ ಲಾಲಿ ವಿಲೋಸ್ ಕಾದಂಬರಿ. ಆದರೆ ಬೇಡವೆನಿಸಿದ ಪುಸ್ತಕಗಳನ್ನು ಸದಸ್ಯರು ವಾಪಸು ಕಳಿಸತೊಡಗಿದರು. ವಾಪಸಾದ ಪುಸ್ತಕ ಎಂದರೆ ಎರಡು ಕಡೆಯ ಅಂಚೆ ಖರ್ಚು.

ಅದಕ್ಕೆ ಕಂಡುಕೊಂಡ ಉಪಾಯ ಮುಂದೆ ನೂರು ವರ್ಷ ಆಳಿತು. ಪುಸ್ತಕಕ್ಕೆ ಮೊದಲು ಒಂದು ಸೂಚನಾ ಪತ್ರ ಹೋಗುತ್ತದೆ. ಬೇಡದವರು ಅದರಲ್ಲಿನ ಕಾರ್ಡನ್ನು ಇಂತಿಷ್ಟು ದಿನದೊಳಗೆ ತುಂಬಿ ಹಿಂದಕ್ಕೆ ಕಳಿಸಬೇಕು. ಕಳಿಸದಿದ್ದರೆ ಪುಸ್ತಕ ಬಂತು, ಬಿಲ್ಲೂ ಬಂತು. ಮೊದಲು ಬೇಕು ಎನ್ನುವುದು ಕೊಳ್ಳುವವನ ಕೆಲಸವಾಗಿತ್ತು, ಈಗ ಬೇಡ ಎನ್ನುವುದು ಅವನ ಕೆಲಸವಾಯಿತು. ಸೋಮಾರಿತನ, ಮರೆವು, ಕಾಯಿಲೆ, ಪ್ರವಾಸ ಎಲ್ಲವೂ ಅಂಗಡಿಯವನ ಲೆಕ್ಕದಲ್ಲಿ ಜಮೆಯಾಗತೊಡಗಿದವು. 1955ರಲ್ಲಿ ಕೊಲಂಬಿಯಾ ಕಂಪನಿ ಹಾಡಿನ ರೆಕಾರ್ಡುಗಳಿಗೆ ಇದೇ ಪದ್ಧತಿ ತಂದಿತು. 1972ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಔಷಧ ವ್ಯಾಪಾರದಿಂದ ಮದ್ಯದ ಅಂಗಡಿಗೆ ಬಂದ ಪಾಲ್ ಕಲೆಮ್‌ಕಿಯಾರಿಯನ್ ತಿಂಗಳಿಗೊಂದಿಷ್ಟು ವೈನ್ ಕಳಿಸುವ ಕ್ಲಬ್ಬು ತೆರೆದಾಗ ಅದರ ಹೆಸರಿನಲ್ಲೇ ಪುಸ್ತಕದ ಕ್ಲಬ್ಬಿನ ನೆರಳಿತ್ತು: ವೈನ್ ಆಫ್ ದಿ ಮಂತ್.

ಕಾನೂನು ಸುಮ್ಮನೆ ಕೂರಲಿಲ್ಲ ಎನ್ನುವುದನ್ನೂ ಹೇಳಬೇಕು. ಕೇಳದ ಸಾಮಾನನ್ನು ಮನೆಗೆ ಕಳಿಸಿ ಆಮೇಲೆ ಹಣ ಕೇಳುವ ಚಾಳಿ ಬ್ರಿಟನ್ನಿನಲ್ಲಿ ಎಷ್ಟು ಬೆಳೆಯಿತೆಂದರೆ, 1971ರಲ್ಲಿ ಸಂಸತ್ತು ಕಾಯ್ದೆ ಮಾಡಿ ಅಂಥ ಸಾಮಾನು ಒಂದು ಅವಧಿಯ ನಂತರ ಪಡೆದವರ ಸ್ವತ್ತು ಎಂದಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1973ರಲ್ಲಿ ಕ್ಲಬ್ಬುಗಳಿಗಾಗಿಯೇ ನಿಯಮ ತಂದು, ಬೇಡವೆನ್ನಲು ಸದಸ್ಯರಿಗೆ ಕನಿಷ್ಠ 10 ದಿನ ಕೊಡಬೇಕೆಂದಿತು. ಆದರೆ ಎರಡೂ ಕಡೆ ಒಂದು ಗೇಣು ಬಾಗಿಲು ತೆರೆದೇ ಉಳಿಯಿತು. ಫೆಲ್ಟ್‌ಹೌಸನ ಅಳಿಯ ಏನನ್ನೂ ಒಪ್ಪಿರಲಿಲ್ಲ. ಕ್ಲಬ್ಬಿನ ಸದಸ್ಯ ಹಾಗಲ್ಲ, ಮುಂದೆ ನಾನು ಸುಮ್ಮನಿದ್ದರೆ ಅದನ್ನೇ ಒಪ್ಪಿಗೆ ಎಂದು ತಿಳಿಯಿರಿ ಎಂದು ಮೊದಲ ದಿನವೇ ಒಪ್ಪಿರುತ್ತಾನೆ. ಆ ಒಂದು ಒಪ್ಪಿಗೆಯನ್ನು ಪಡೆದರೆ ಉಳಿದದ್ದೆಲ್ಲ ಮೌನವೇ ನಡೆಸಿಕೊಂಡು ಹೋಗುತ್ತದೆ. ವೋಚರ್ ಇರುವುದು ಆ ಒಂದು ಒಪ್ಪಿಗೆಗಾಗಿ.

ನನ್ನ ವೋಚರಿನ ಲೆಕ್ಕ ಹಾಕಿ ನೋಡಿದೆ. ಹನ್ನೆರಡು ಬಾಟಲಿಗೆ 40 ಪೌಂಡ್ ಎಂದರೆ ಬಾಟಲಿಗೆ 3 ಪೌಂಡ್ 33 ಪೆನ್ಸ್. 2023ರ ಆಗಸ್ಟಿನಿಂದ ಬ್ರಿಟನ್ನಿನಲ್ಲಿ ಸಾಮಾನ್ಯ ವೈನಿನ ಒಂದು ಬಾಟಲಿಯ ಮೇಲೆ 2 ಪೌಂಡ್ 67 ಪೆನ್ಸ್ ಸುಂಕವಿತ್ತು. ಕೊಟ್ಟ ಬೆಲೆಯಲ್ಲಿ ಆರನೆಯ ಒಂದು ಭಾಗ ವ್ಯಾಟ್, ಅಂದರೆ ಸುಮಾರು 55 ಪೆನ್ಸ್. ಎರಡೂ ಸೇರಿ 3 ಪೌಂಡ್ 22 ಪೆನ್ಸ್ ಸರ್ಕಾರಕ್ಕೆ. ದ್ರಾಕ್ಷಿ, ಗಾಜು, ಬಿರಡೆ, ಲೇಬಲ್ಲು, ಹಡಗು, ಗೋದಾಮು, ಪೆಟ್ಟಿಗೆಯನ್ನು ಮೆಟ್ಟಿಲು ಹತ್ತಿಸಿ ತಂದುಕೊಟ್ಟ ಹುಡುಗ ಇವೆಲ್ಲಕ್ಕೂ ಸೇರಿ ಉಳಿದದ್ದು 11 ಪೆನ್ಸ್. ಮಾರಿದವರಿಗೆ ಆ ಪೆಟ್ಟಿಗೆಯಲ್ಲಿ ಶುದ್ಧ ನಷ್ಟ. ನಾವು ನಾಲ್ವರು ಮೋಸ ಮಾಡಿದ ಖುಷಿಯಲ್ಲಿ ಕುಡಿದಿದ್ದೆವು. ಅವರು ಕೊಂಡದ್ದು ಏನನ್ನು? ನನ್ನ ಕಾರ್ಡಿನ ಸಂಖ್ಯೆಯನ್ನು, ಮತ್ತು ನಾನು ಮರೆಯುವ ಸಾಧ್ಯತೆಯನ್ನು.

100 ಪೌಂಡ್ ಎಂಬ ಮೂಲ ಬೆಲೆಯೂ ಗಟ್ಟಿ ನೆಲದ ಮೇಲೆ ನಿಂತದ್ದಲ್ಲ. ಕ್ಲಬ್ಬುಗಳು ಮಾರುವ ವೈನುಗಳಲ್ಲಿ ಬಹಳಷ್ಟು ಆ ಕ್ಲಬ್ಬಿಗೆಂದೇ ಲೇಬಲ್ ಅಂಟಿಸಿದವು. ಬೇರೆ ಅಂಗಡಿಯಲ್ಲಿ ಸಿಗುವುದಿಲ್ಲ, ಹಾಗಾಗಿ ಹೋಲಿಸಲು ಬೇರೆ ಬೆಲೆಯೇ ಇಲ್ಲ. ಹತ್ತು ಪೌಂಡಿನದೆಂದು ಅವರು ಹೇಳಿದರೆ ಹತ್ತು ಪೌಂಡಿನದು. ನಮ್ಮೂರ ಸೀರೆ ಅಂಗಡಿಯ ಆಷಾಢ ಸೇಲನ್ನು ನೋಡಿ ಬೆಳೆದ ನನಗೆ ಇದು ಹೊಳೆಯಬೇಕಿತ್ತು.

ಇಷ್ಟು ಬರೆದು ಕ್ಲಬ್ಬುಗಳೆಲ್ಲ ಒಂದೇ ಎಂದರೆ ಅನ್ಯಾಯವಾಗುತ್ತದೆ. ಟೋನಿ ಲೇತ್‌ವೇಟ್ ಎಂಬ ಯುವಕ 1960ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಕೆಲಸ ಮಾಡಿ, ಅಲ್ಲಿನ ಸಣ್ಣ ಬೆಳೆಗಾರರ ವೈನನ್ನು ವ್ಯಾನಿನಲ್ಲಿ ತುಂಬಿ ತಂದು 1969ರಿಂದ ವಿಂಡ್ಸರಿನಲ್ಲಿ ನೇರವಾಗಿ ಮಾರಿದ. 1973ರಲ್ಲಿ ಸಂಡೇ ಟೈಮ್ಸ್ ಪತ್ರಿಕೆಯ ಜೊತೆ ಸೇರಿ ಕಟ್ಟಿದ ಕ್ಲಬ್ಬಿಗೆ ವೈನ್ ಲೇಖಕ ಹ್ಯೂ ಜಾನ್ಸನ್ ಅಧ್ಯಕ್ಷನಾದ. ದಲ್ಲಾಳಿಗಳ ಸಾಲನ್ನು ದಾಟಿ ಬೆಳೆದವನ ಹೆಸರು ಕುಡಿಯುವವನಿಗೆ ತಲುಪಿದ್ದು ಇಂಥವರಿಂದ. ಅಮೆರಿಕದಲ್ಲಿ ಇದಕ್ಕೆ ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. ಮದ್ಯನಿಷೇಧ 1933ರಲ್ಲಿ ಕೊನೆಗೊಂಡ ಮೇಲೆ ಮದ್ಯದ ಕಾನೂನು ಆಯಾ ರಾಜ್ಯದ ಕೈಗೆ ಬಂತು, ಎಷ್ಟೋ ರಾಜ್ಯಗಳು ಹೊರಗಿನ ವೈನರಿಗಳು ನೇರ ಮನೆಗೆ ಕಳಿಸುವುದನ್ನು ತಡೆದವು. ವರ್ಜೀನಿಯಾದ ಹುವಾನಿಟಾ ಸ್ವೀಡನ್‌ಬರ್ಗ್ ಎಂಬ ವೈನ್ ತಯಾರಕಿ ನ್ಯೂಯಾರ್ಕ್ ರಾಜ್ಯದ ಮೇಲೆ ದಾವೆ ಹೂಡಿದರು. ಸ್ವಂತ ರಾಜ್ಯದ ವೈನರಿಗೆ ಬಿಟ್ಟದ್ದನ್ನು ಹೊರಗಿನವರಿಗೆ ತಡೆಯುವಂತಿಲ್ಲ ಎಂದು 2005ರಲ್ಲಿ ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ತೀರ್ಪು ಬಂತು. ಅಲ್ಲಿನ ಆನ್‌ಲೈನ್ ಕ್ಲಬ್ಬುಗಳ ಬಾಗಿಲು ತೆರೆದದ್ದು ಆ ತೀರ್ಪು.

2008ರಲ್ಲಿ ರೋವನ್ ಗೋರ್ಮ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ನೇಕೆಡ್ ವೈನ್ಸ್ ಶುರುಮಾಡಿದಾಗ ವಿಚಾರ ಇನ್ನೊಂದು ಸುತ್ತು ತಿರುಗಿತು. ಇಲ್ಲಿ ಪೆಟ್ಟಿಗೆ ತಾನಾಗಿ ಬರುವುದಿಲ್ಲ, ಹಣ ತಾನಾಗಿ ಹೋಗುತ್ತದೆ. ಸದಸ್ಯರು ತಿಂಗಳಿಗಿಷ್ಟು ಎಂದು ಕಟ್ಟುತ್ತಾರೆ, ಅದು ಅವರ ಹೆಸರಿನಲ್ಲೇ ಜಮೆಯಾಗಿರುತ್ತದೆ, ಅದರಿಂದ ವೈನ್ ಕೊಳ್ಳಬಹುದು. ಆ ಹಣ ಸಣ್ಣ ವೈನ್ ತಯಾರಕರಿಗೆ ಮುಂಗಡ ಬಂಡವಾಳವಾಗುತ್ತದೆ. ನಮ್ಮ ಚೀಟಿ ವ್ಯವಹಾರ ಬಲ್ಲವರಿಗೆ ಇದು ತೀರಾ ಹೊಸದಲ್ಲ. 2015ರಲ್ಲಿ ಮೆಜೆಸ್ಟಿಕ್ ಎಂಬ ದೊಡ್ಡ ಅಂಗಡಿ ಸರಣಿ ಇದನ್ನು ಕೊಂಡಿತು. ನಾಲ್ಕೇ ವರ್ಷದಲ್ಲಿ ಆ ಅಂಗಡಿಗಳನ್ನೇ ಮಾರಿ, ಚಂದಾ ವ್ಯವಹಾರವನ್ನು ಉಳಿಸಿಕೊಂಡರು. ಇಟ್ಟಿಗೆ ಗೋಡೆಯ ಅಂಗಡಿಗಿಂತ ತಿಂಗಳ ಕಂತು ಕಟ್ಟುವ ಗಿರಾಕಿಯ ಮೇಲೆ ಹೆಚ್ಚು ಭರವಸೆ ಎಂದಾಯಿತು.

ಮುಂಗಡ ಕಟ್ಟಿದ ಹಣ ಮನಸ್ಸಿನಲ್ಲಿ ಹೇಗೆ ಕೂರುತ್ತದೆ ಎನ್ನುವುದನ್ನು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಮನಶ್ಶಾಸ್ತ್ರಜ್ಞ ಎಲ್ಡಾರ್ ಶಫೀರ್ ವೈನ್ ಸಂಗ್ರಹಿಸುವವರನ್ನೇ ಕೇಳಿ ನೋಡಿದ್ದರು. ಹಿಂದೆ 20 ಡಾಲರಿಗೆ ಕೊಂಡ ಬಾಟಲಿ ಈಗ 75 ಡಾಲರಿಗೆ ಮಾರಾಟವಾಗುತ್ತಿದೆ, ಅದನ್ನು ಇವತ್ತು ಕುಡಿದರೆ ನಿಮಗೆ ಎಷ್ಟು ಖರ್ಚಾದಂತೆ ಅನ್ನಿಸುತ್ತದೆ? ಅರ್ಥಶಾಸ್ತ್ರದ ಪ್ರಕಾರ ಉತ್ತರ 75. ಅರ್ಧಕ್ಕಿಂತ ಹೆಚ್ಚು ಜನ ಏನೂ ಖರ್ಚಿಲ್ಲ ಎಂದರು, ಇಲ್ಲವೇ ಲಾಭವೇ ಆಯಿತು ಎಂದರು. ಕೊಳ್ಳುವಾಗ ಅದು ಹೂಡಿಕೆ, ಕುಡಿಯುವಾಗ ಬಿಟ್ಟಿ. ಖರ್ಚು ಎನ್ನುವುದು ಎಲ್ಲೂ ನಡೆಯಲೇ ಇಲ್ಲ.

ಇದನ್ನೆಲ್ಲ ಓದುವಾಗ ನನ್ನ ತಲೆಯಲ್ಲಿ ಸುಳಿಯುತ್ತಿದ್ದದ್ದು ನಮ್ಮ ಮನೆಯ ಕಪಾಟು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿಯೇ ಬೆಳೆದದ್ದು. ನಮ್ಮ ಅಜ್ಜ ಚಂದಾದಾರರಾಗಿದ್ದರು, ಆಮೇಲೆ ಅಪ್ಪ. ಅಲ್ಲೂ ಓದುಗರು ಮೊದಲೇ ಹಣ ಕೊಡುತ್ತಿದ್ದರು, ಅಲ್ಲೂ ಯಾವ ಪುಸ್ತಕ ಬರುತ್ತದೆಂದು ಆರಿಸುವವರು ಬೇರೆಯವರು. 1961ರಲ್ಲಿ ಗಿರೀಶ ಕಾರ್ನಾಡರ ಯಯಾತಿ ಬಂದದ್ದು ಆ ಮಾಲೆಯಲ್ಲಿ, ಇಪ್ಪತ್ತಮೂರು ವರ್ಷದ ಹೊಸ ಹುಡುಗನ ನಾಟಕವನ್ನು ಅಂಗಡಿಯಲ್ಲಿ ಕಂಡಿದ್ದರೆ ಅಜ್ಜ ಕೊಳ್ಳುತ್ತಿದ್ದರೋ ಇಲ್ಲವೋ. ಹಾಗಾದರೆ ಅದಕ್ಕೂ ವೈನ್ ಪೆಟ್ಟಿಗೆಗೂ ಏನು ವ್ಯತ್ಯಾಸ ಎಂದು ಅಪ್ಪನನ್ನು ಫೋನಿನಲ್ಲಿ ಕೇಳಿದೆ. ಅಪ್ಪ ಯೋಚಿಸಿ, "ವರ್ಷಾ ವರ್ಷಾ ನಾವ ಹೋಗಿ ರೊಕ್ಕಾ ಕಟ್ಟಿ ಬರತಿದ್ವಿ" ಎಂದರು. ಸುಭಾಷ ರಸ್ತೆಯ ಅಟ್ಟ ಹತ್ತಿ ಹೋಗುವುದು, ಕೂತು ಹರಟುವುದು, ಹಣ ಕೊಟ್ಟು ರಸೀದಿ ಪಡೆಯುವುದು. ಒಂದು ವರ್ಷ ಹೋಗದಿದ್ದರೆ ಚಂದಾ ಮುಗಿಯಿತು. ಅಲ್ಲಿ ಮೌನಕ್ಕೆ ಬೇಡ ಎಂದೇ ಅರ್ಥ.

ವಿ.ಪಿ.ಪಿ. ಇನ್ನೂ ನೇರ. ಅಂಚೆಯವನು ಕಟ್ಟನ್ನು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ, ಹಣ ಕೊಟ್ಟರೆ ಕಟ್ಟು ನಿಮ್ಮದು, ಇಲ್ಲವಾದರೆ ಅದು ಬಂದ ದಾರಿಗೆ ಹೋಯಿತು. ಕನ್ನಡದ ಪ್ರಕಾಶಕರು ವಾಪಸಾದ ವಿ.ಪಿ.ಪಿ.ಗಳಿಂದ ಪಟ್ಟ ಪಾಡು ಸಣ್ಣದಲ್ಲ. ಗಳಗನಾಥರು ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿದ ಕತೆ ನಮಗೆಲ್ಲ ಗೊತ್ತು. ಭಾರ ಇದ್ದದ್ದು ಮಾರುವವರ ಹೆಗಲ ಮೇಲೆ. ಅದನ್ನು ನಾನು ಹಿಂದೆ ಬಡತನದ ಕತೆಯಾಗಿ ಮಾತ್ರ ಓದಿದ್ದೆ.

ಇವತ್ತಿನ ಭಾರತದಲ್ಲೂ ಒಂದು ಸಂಗತಿ ಗಮನಿಸುವಂಥದ್ದು. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕ್, ಕಾರ್ಡಿನಿಂದ ಪದೇ ಪದೇ ತಾನಾಗಿ ಕಡಿತವಾಗುವ ಹಣಕ್ಕೆ 24 ಗಂಟೆ ಮೊದಲೇ ಗ್ರಾಹಕರಿಗೆ ಸಂದೇಶ ಹೋಗಬೇಕೆಂದು ಕಟ್ಟುನಿಟ್ಟು ಮಾಡಿತು. ಆಗ ಎಷ್ಟೋ ಜನರ ಚಂದಾಗಳು ನಿಂತು ಗೊಣಗಾಟ ಕೇಳಿಬಂತು, ನಾನೂ ಗೊಣಗಿದ್ದೆ. 2023ರ ನವೆಂಬರಿನಲ್ಲಿ, ನಾನು ಕೋಟು ತರಿಸಿದ ತಿಂಗಳೇ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ವ್ಯಾಪಾರದ 13 ಬಗೆಯ ವಂಚಕ ವಿನ್ಯಾಸಗಳನ್ನು ಪಟ್ಟಿ ಮಾಡಿತು. ಸೇರಲು ಸುಲಭ, ಬಿಡಲು ಕಷ್ಟ ಎನ್ನುವ ಚಂದಾ ಬಲೆ ಅದರಲ್ಲಿ ಒಂದು. ಬ್ರಿಟನ್ 2024ರ ಮೇ ತಿಂಗಳಲ್ಲಿ ಚಂದಾ ಕರಾರುಗಳಿಗೆ ಹೊಸ ಕಾಯ್ದೆ ಮಾಡಿತು, ಆ ಭಾಗದ ಜಾರಿಯನ್ನು ಮಾತ್ರ ಮುಂದಕ್ಕೆ ತಳ್ಳಿತು. ಅಮೆರಿಕದಲ್ಲಿ ಅದೇ ವರ್ಷ ಬಂದ, ಸೇರಿದಷ್ಟೇ ಸುಲಭವಾಗಿ ಬಿಡಲು ಆಗಬೇಕೆಂಬ ನಿಯಮವನ್ನು 2025ರ ಜುಲೈಯಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿತು.

ನನ್ನ ಪೆಟ್ಟಿಗೆ ವಾಪಸು ಹೋಯಿತು. ತೆರೆಯದ ಸಾಮಾನನ್ನು 14 ದಿನದೊಳಗೆ ಹಿಂದಿರುಗಿಸುತ್ತೇನೆಂದು ಬರೆದೆ, ಮೂರು ಮಿಂಚಂಚೆಯ ನಂತರ 110 ಪೌಂಡ್ ಬಂತು. ಒಡತಿಯ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಮಾರ್ಚಿನ ಪೆಟ್ಟಿಗೆ ಹೊರಡುವ ಮೊದಲು ಒಂದು ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟು, ಸ್ಪೀಕರ್ ಹಾಕಿ, ಇಬ್ಬರೂ ಕೂತೆವು. ಇಪ್ಪತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗಿ ಬಂದಳು. ಖಾತೆದಾರರ ಜೊತೆ ಮಾತಾಡಬಹುದೇ ಎಂದಳು. ಒಡತಿ, ಆಗುವುದಿಲ್ಲ, ಅವರು ತೀರಿಕೊಂಡು ಹದಿನಾರು ತಿಂಗಳಾಯಿತು ಎಂದರು. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಹುಡುಗಿ ಒಳ್ಳೆಯವಳು, ಮನಸಾರೆ ಮರುಗಿದಳು. ಮರಣ ಪತ್ರದ ಪ್ರತಿ ಕಳಿಸಿ, ಕೊನೆಯ ಎರಡು ಪೆಟ್ಟಿಗೆಯ ಹಣವನ್ನಾದರೂ ಕೊಡಿಸಲು ನೋಡುತ್ತೇನೆ ಎಂದಳು, ಕೊಡಿಸಿದಳು ಕೂಡ. ಆದರೆ ಅವಳ ಮುಂದೊಂದು ಪರದೆ ಇತ್ತು, ಆ ಪರದೆ ಅವಳ ಕೈಯಲ್ಲಿ ಓದಿಸುವುದನ್ನು ಓದಿಸಲೇಬೇಕಿತ್ತು. ಖಾತೆ ಮುಚ್ಚುವ ಮುನ್ನ, ಕ್ಲಬ್ಬಿನಲ್ಲಿ ಉಳಿದುಕೊಳ್ಳುವುದಾದರೆ ಮುಂದಿನ ಪೆಟ್ಟಿಗೆಗೆ 50 ಪೌಂಡಿನ ವೋಚರ್ ಕೊಡಬಹುದು ಎಂದು ಅವಳು ಓದಿದಳು. ಓದುತ್ತಾ ಓದುತ್ತಾ ಅವಳ ದನಿ ಸಣ್ಣದಾಯಿತು.

ಉಳಿದ ಮೂರು ಪೆಟ್ಟಿಗೆಗಳಲ್ಲಿ ಎರಡನ್ನು ಬೀದಿಯ ಮನೆಗಳಿಗೆ ಹಂಚಿದೆವು. ಒಂದನ್ನು ಒಡತಿ ಇಟ್ಟುಕೊಂಡರು, 2022ರ ಡಿಸೆಂಬರಿನಲ್ಲಿ ಬಂದದ್ದನ್ನು. ಗಂಡ ಬದುಕಿದ್ದಾಗ ಅದರಲ್ಲಿ ಏನೇನು ಬರುತ್ತದೆಂದು ಪಟ್ಟಿ ನೋಡಿ ಎರಡು ಬಾಟಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರಂತೆ.

ಜೂನಿನಲ್ಲಿ ನಾನು ಊರಿಗೆ ಹೊರಡುವ ವಾರ ಆತನ ಹೆಸರಿಗೆ ಒಂದು ಲಕೋಟೆ ಬಂತು. ನಿಮ್ಮ ನೆನಪು ನಮಗಾಗುತ್ತಿದೆ, ಮರಳಿ ಬನ್ನಿ, 75 ಪೌಂಡ್ ರಿಯಾಯಿತಿ. ಒಡತಿ ಅದನ್ನು ಎರಡು ಸಲ ಓದಿ, ಹಿಂಬದಿಯ ಖಾಲಿ ಜಾಗದಲ್ಲಿ ಆ ದಿನ ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿ ಬರೆಯತೊಡಗಿದರು.